ಒಬ್ಬೆ, ಸರದಿ, ಡೇ ಎಂಡ್

ದಸರಾ ಕಳೆದು ಬಿಸಿಲು ಬಲಿಯಿತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಅಡಿಕೆ ಸುಗ್ಗಿ. ಕೊಯ್ದ ಕೊನೆ ಮನೆಗೆ ಬಂದು, ಸುಲಿದಾಗಿ, ಹಂಡೆ ಒಲೆಗೇರುತ್ತದೆ. ಸುಲಿದದ್ದೆಲ್ಲ ಒಂದೇ ಸಲಕ್ಕೆ ಹಂಡೆಯಲ್ಲಿ ಹಿಡಿಯುವುದಿಲ್ಲ. ಹಿಡಿದಷ್ಟು ಒಂದು ಒಬ್ಬೆ. ಅದು ಬೆಂದು ಇಳಿದ ಮೇಲೆ ಇನ್ನೊಂದು. ಮೊದಲ ಒಬ್ಬೆ ಬಿಟ್ಟ ಚೊಗರು ಮುಂದಿನ ಒಬ್ಬೆಗೆ ಬೇಕು, ಹಾಗಾಗಿ ಕ್ರಮ ತಪ್ಪಿಸುವಂತಿಲ್ಲ. ಇಂಗ್ಲಿಷಿನ ‘ಬ್ಯಾಚ್’ ಕೂಡ ಒಲೆಯ ಬುಡದಲ್ಲೇ ಹುಟ್ಟಿದ್ದು. ರೊಟ್ಟಿ ಸುಡುವ ‘ಬೇಕ್’ ಎಂಬ ಕ್ರಿಯಾಪದದ ನೆಂಟ ಅದು. ಒಂದು ಸಲಕ್ಕೆ ಸುಟ್ಟ ರೊಟ್ಟಿಯಷ್ಟೂ ಒಂದು ಬ್ಯಾಚ್. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಆ ಪದವನ್ನು ಕಂಪ್ಯೂಟರಿನವರು ಎತ್ತಿಕೊಂಡು ಹೋದರು. ಅದರ ಹಿಂದೆಯೇ ಜಾಬ್, ಕ್ಯೂ, ಸ್ಪೂಲ್, ಅಬೆಂಡ್, ಹೋಲ್ಡ್, ಡೇ ಎಂಡ್ ಎಂಬ ಇಡೀ ಸಂಸಾರ ಬಂತು. ಕರ್ನಾಟಕದ ಬ್ಯಾಂಕು, ತಾಲ್ಲೂಕು ಕಚೇರಿ, ಸಾಫ್ಟ್‌ವೇರ್ ಕಂಪನಿಗಳಲ್ಲಿ ಈ ಪದಗಳು ಕನ್ನಡದ ಪ್ರತ್ಯಯ ಅಂಟಿಸಿಕೊಂಡು ದಿನವೂ ಓಡಾಡುತ್ತಿವೆ.

ಅವುಗಳ ಬೇರು ಕೆದಕುತ್ತ ಹೋದರೆ ಪ್ರತಿ ಪದದ ಕೆಳಗೂ ಒಂದೇ ಪ್ರಶ್ನೆ ಸಿಗುತ್ತದೆ. ಮುಂದಿನ ಸರದಿ ಯಾರದು, ಅದನ್ನು ಹೇಳುವವರು ಯಾರು?

1950ರ ದಶಕದ ಅಮೆರಿಕದಲ್ಲಿ ಅದನ್ನು ಹೇಳುತ್ತಿದ್ದುದು ಗೋಡೆಯ ಮೇಲಿನ ಹಾಳೆ. ಐಬಿಎಂ 704 ಯಂತ್ರ ಬೇಕಾದವರು ಹಾಳೆಯಲ್ಲಿ ಹೆಸರು ಬರೆದು, ತಮ್ಮ ಹೊತ್ತು ಬಂದಾಗ ಕಾರ್ಡಿನ ಕಟ್ಟು, ಟೇಪಿನ ಸುರುಳಿ ಹೊತ್ತುಕೊಂಡು ಹೋಗಿ ಜೋಡಿಸಿಕೊಳ್ಳಬೇಕಿತ್ತು. ಜೋಡಿಸುವಷ್ಟು ಹೊತ್ತೂ ದುಬಾರಿ ಯಂತ್ರ ಸುಮ್ಮನೆ ನಿಂತಿರುತ್ತಿತ್ತು. 1956ರಲ್ಲಿ ಜನರಲ್ ಮೋಟಾರ್ಸ್‌ನ ರಾಬರ್ಟ್ ಪ್ಯಾಟ್ರಿಕ್ ಮತ್ತು ನಾರ್ತ್ ಅಮೆರಿಕನ್ ಏವಿಯೇಷನ್‌ನ ಓವೆನ್ ಮಾಕ್ ಸೇರಿ ಒಂದು ಪುಟ್ಟ ಮೇಲ್ವಿಚಾರಕ ಪ್ರೋಗ್ರಾಂ ಬರೆದರು. ಹಲವರ ಕೆಲಸಗಳನ್ನು ಒಂದೇ ಟೇಪಿಗೆ ಸಾಲಾಗಿ ತುಂಬುವುದು, ಒಂದು ಮುಗಿದ ಕೂಡಲೇ ಇನ್ನೊಂದನ್ನು ತಾನೇ ಎತ್ತಿಕೊಳ್ಳುವುದು: ಅದರ ಕೆಲಸ ಇಷ್ಟೆ. ಜಗತ್ತಿನ ಮೊದಲ ಆಪರೇಟಿಂಗ್ ಸಿಸ್ಟಮ್‌ಗಳ ಪಟ್ಟಿಯಲ್ಲಿ ಇದರ ಹೆಸರು ಬರುತ್ತದೆ. ಇಂದು ಮೊಬೈಲಿನ ಬಣ್ಣದ ಪರದೆಯನ್ನೇ ಆಪರೇಟಿಂಗ್ ಸಿಸ್ಟಮ್ ಎಂದುಕೊಂಡವರಿಗೆ ಸಪ್ಪೆ ಎನಿಸೀತು. ಹುಟ್ಟುವಾಗ ಅದು ಮಾಡುತ್ತಿದ್ದುದು ಮಾತ್ರ ಸರದಿ ನೋಡಿಕೊಳ್ಳುವ ಜವಾನನ ಕೆಲಸ.

ಭಾರತಕ್ಕೆ ಈ ಪದಗಳು ಬಂದದ್ದು ಕಾಲೇಜಿನ ಬಾಗಿಲಿಂದ. 1963ರಲ್ಲಿ ಕಾನ್ಪುರದ ಐಐಟಿಗೆ ಐಬಿಎಂ 1620 ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ಗೆ, 1970ರ ದಶಕದ ಆರಂಭದಲ್ಲಿ ಐಬಿಎಂ 360/44 ಬಂತು. ಅಂಥ ಯಂತ್ರವನ್ನು ಬಳಸಿದವರಲ್ಲಿ ಅದನ್ನು ಮುಟ್ಟಿದವರು ಕಡಿಮೆ. ಎಂಬತ್ತು ಕಂಬಸಾಲಿನ ಕಾರ್ಡುಗಳಲ್ಲಿ ತೂತು ಕೊರೆಸಿ, ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ ಕೌಂಟರಿನಲ್ಲಿ ಕೊಟ್ಟು ಬರುವುದು. ಕೊಟ್ಟ ಕಟ್ಟೇ ಜಾಬ್. ಗಂಟೆಗಳ ಮೇಲೋ ಮರುದಿನವೋ ಹೋದರೆ ಅಗಲ ಕಾಗದದಲ್ಲಿ ಫಲಿತಾಂಶ ಕಾಯುತ್ತಿರುತ್ತದೆ. ಒಂದು ಅಲ್ಪವಿರಾಮ ತಪ್ಪಿದ್ದರೆ ಫಲಿತಾಂಶದ ಜಾಗದಲ್ಲಿ ತಪ್ಪಿನ ಪಟ್ಟಿ. ಮತ್ತೆ ಕೌಂಟರಿನ ಮುಂದೆ ಸಾಲು. ಪ್ರೋಗ್ರಾಂ ಬರೆಯುವವರಿಗೆ ಅದು ಕಲಿಸಿದ ಶಿಸ್ತು ಇಂದಿನ ಯಾವ ತರಬೇತಿಯೂ ಕಲಿಸಲಾರದು.

ಕೌಂಟರಿನ ಒಳಗಿನ ಮನುಷ್ಯ ಕಟ್ಟನ್ನು ಹೇಗೆ ನಡೆಸಿಕೊಳ್ಳಬೇಕು ಎಂದು ಹೇಳಲು ಒಂದು ಬೇರೆಯೇ ಭಾಷೆ ಬೇಕಾಯಿತು. ಐಬಿಎಂ 1964ರಲ್ಲಿ ಘೋಷಿಸಿದ 360 ಸರಣಿಯ ಜೊತೆ ಬಂದದ್ದು ಜೆಸಿಎಲ್, ಅಂದರೆ ಜಾಬ್ ಕಂಟ್ರೋಲ್ ಲ್ಯಾಂಗ್ವೇಜ್. ಪ್ರತಿ ಸಾಲೂ ಎರಡು ಓರೆಗೆರೆಗಳಿಂದ ಶುರು. ಈ ಕೆಲಸ ಯಾರದು, ಯಾವ ದರ್ಜೆಯದು, ಎಷ್ಟು ಆದ್ಯತೆ, ಯಾವ ಟೇಪು ಬೇಕು, ಎಲ್ಲಿ ಅಚ್ಚು ಹಾಕಬೇಕು ಎಂಬುದೆಲ್ಲ ಅದರಲ್ಲಿ. ಹಿಂದೆ ಆಪರೇಟರಿಗೆ ಬಾಯಲ್ಲಿ ಹೇಳುತ್ತಿದ್ದ ಮಾತೇ ಕಾರ್ಡಿಗೆ ಇಳಿದಿತ್ತು. ‘ಸ್ಪೂಲ್’ ಬಂದದ್ದೂ ಅದೇ ಕೋಣೆಯಿಂದ. ನಿಧಾನದ ಪ್ರಿಂಟರಿಗಾಗಿ ವೇಗದ ಯಂತ್ರ ಕಾಯದಿರಲೆಂದು ಅಚ್ಚಾಗಬೇಕಾದದ್ದನ್ನು ಡಿಸ್ಕಿನಲ್ಲಿ ಸುತ್ತಿಟ್ಟು ಬಿಡುವಾದಾಗ ಹೊರಗೆ ಬಿಡುವ ಏರ್ಪಾಟು ಅದು. ಅಮೆರಿಕದ ಬಾಹ್ಯಾಕಾಶ ಸಂಸ್ಥೆಗಾಗಿ ಹ್ಯೂಸ್ಟನ್‌ನಲ್ಲಿ ದುಡಿಯುತ್ತಿದ್ದ ಐಬಿಎಂ ಮಂದಿ ಬರೆದ ‘ಹ್ಯಾಸ್ಪ್’ ಈ ಕೆಲಸಕ್ಕೆ ಹೆಸರಾಯಿತು. ಅದರ ವಂಶದ ಕುಡಿ ಇಂದಿಗೂ ಮೇನ್‌ಫ್ರೇಮ್ ಎಂಬ ದೊಡ್ಡ ಯಂತ್ರಗಳ ಹೊಟ್ಟೆಯಲ್ಲಿದೆ. ಕೆಲಸ ನಡುವೆ ಮುರಿದುಬಿದ್ದರೆ ‘ಅಬ್‌ನಾರ್ಮಲ್ ಎಂಡ್’, ಚುಟುಕಾಗಿ ಅಬೆಂಡ್. ಬೆಂಗಳೂರಿನ ಮೇನ್‌ಫ್ರೇಮ್ ಮಂದಿ ‘ಜಾಬ್ ಅಬೆಂಡ್ ಆಗಿದೆ’ ಎಂದಾಗ ಅದು ಅವರ ಕಿವಿಗೆ ಪರಭಾಷೆ ಎನಿಸುವುದಿಲ್ಲ.

ಬ್ಯಾಚಿಗೆ ಎದುರಾಳಿಯೂ ಅದೇ ಕಾಲದಲ್ಲಿ ಹುಟ್ಟಿತ್ತು. ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ಟೈಮ್ ಶೇರಿಂಗ್. ಶಿಡ್ಲಘಟ್ಟದಲ್ಲಿ ಹುಟ್ಟಿದ ಎನ್.ಆರ್. ನಾರಾಯಣಮೂರ್ತಿ ಕಾನ್ಪುರದಲ್ಲಿ ಓದು ಮುಗಿಸಿ ಅಹಮದಾಬಾದಿನ ಐಐಎಂನಲ್ಲಿ ಕೆಲಸಕ್ಕೆ ಸೇರಿದ್ದು ಇಂಥದೊಂದು ಟೈಮ್ ಶೇರಿಂಗ್ ವ್ಯವಸ್ಥೆಯ ಮೇಲೆ. ಅವರೇ ಮುಂದೆ ಕಟ್ಟಿದ ಇನ್ಫೊಸಿಸ್‌ನ ಬ್ಯಾಂಕಿಂಗ್ ಸಾಫ್ಟ್‌ವೇರ್ ಫಿನಾಕಲ್‌ನ ಅರ್ಧ ಜೀವ ಇರುವುದು ರಾತ್ರಿಯ ಬ್ಯಾಚ್ ಕೆಲಸಗಳಲ್ಲಿ. ಎದುರಾಳಿ ಗೆದ್ದಂತೆ ಕಂಡಲ್ಲೆಲ್ಲ ಬ್ಯಾಚು ಹಿತ್ತಲ ಬಾಗಿಲಿಂದ ಒಳಗೆ ಬಂದು ಕೂತಿರುತ್ತದೆ.

ಬ್ಯಾಂಕಿನ ಮಾತಿಗೆ ಬಂದರೆ ಕರಾವಳಿಯ ಹೆಸರುಗಳು ಬರಲೇಬೇಕು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ಕರ್ನಾಟಕ, ವಿಜಯಾ: 1906ರಿಂದ 1931ರ ನಡುವೆ ಮಂಗಳೂರು ಮತ್ತು ಉಡುಪಿಯಲ್ಲಿ ಹುಟ್ಟಿದ ಬ್ಯಾಂಕುಗಳಿವು. ಘಟ್ಟ ಹತ್ತಿ ಬಂದ ಇವುಗಳ ಶಾಖೆಗಳೇ ಮಲೆನಾಡಿನ ಅಡಿಕೆ, ಕಾಫಿ ದುಡ್ಡಿಗೆ ಖಾತೆ ತೆರೆದುಕೊಟ್ಟವು. ಕಂಪ್ಯೂಟರಿನ ಸುಳಿವಿಲ್ಲದ ಕಾಲದಲ್ಲೂ ಇವುಗಳಿಗೆ ಬ್ಯಾಚಿನ ಪರಿಚಯ ಚೆನ್ನಾಗಿಯೇ ಇತ್ತು. ಸಿಂಡಿಕೇಟ್ ಬ್ಯಾಂಕಿನ ಪೂರ್ವಾಶ್ರಮದ ಸಂಸ್ಥೆ 1928ರಲ್ಲಿ ಶುರುಮಾಡಿದ ಪಿಗ್ಮಿ ಠೇವಣಿಯನ್ನೇ ನೋಡಿ. ಏಜೆಂಟರು ಅಂಗಡಿ, ಮನೆ ಸುತ್ತಿ ದಿನಕ್ಕೆ ಎರಡಾಣೆಯಿಂದ ಹಿಡಿದು ಎತ್ತಿ, ಒಟ್ಟು ಮಾಡಿದ್ದನ್ನು ಶಾಖೆಗೆ ತಂದು ಜಮಾ ಮಾಡುತ್ತಿದ್ದರು. ಬಹಳ ವರ್ಷಗಳ ಮೇಲೆ ಏಜೆಂಟರ ಕೈಗೆ ಪುಟ್ಟ ಪಿಗ್ಮಿ ಮೆಷಿನ್ ಬಂತು. ಆಗಲೂ ನೂರಾರು ಎಂಟ್ರಿಗಳನ್ನು ಒಟ್ಟಿಗೆ ಶಾಖೆಯ ಕಂಪ್ಯೂಟರಿಗೆ ಇಳಿಸುವುದೇ ಕ್ರಮ. ಯಂತ್ರ ಬದಲಾಯಿತು, ಒಬ್ಬೆ ಬದಲಾಗಲಿಲ್ಲ.

ಕೈಬರಹದ ಕಾಲದ ಶಾಖೆಯಲ್ಲಿ ಸಂಜೆ ಎಂದರೆ ತಾಳೆ. ನಗದು ತಾಳೆಯಾಗಬೇಕು, ಡೇ ಬುಕ್ ಮುಗಿಯಬೇಕು, ಜನರಲ್ ಲೆಡ್ಜರ್ ಕೂಡಬೇಕು. ಎಂಟಾಣೆ ವ್ಯತ್ಯಾಸಕ್ಕೆ ಎಲ್ಲರೂ ರಾತ್ರಿಯವರೆಗೆ ಕೂತದ್ದನ್ನು ನಿವೃತ್ತ ಬ್ಯಾಂಕ್ ನೌಕರರು ಈಗಲೂ ರಸವತ್ತಾಗಿ ಹೇಳುತ್ತಾರೆ. ಉಳಿತಾಯ ಖಾತೆಗೆ ಬಡ್ಡಿ ಹಾಕುವ ಹೊತ್ತಂತೂ ಯುದ್ಧಕಾಲ. ತಿಂಗಳ ಹತ್ತನೇ ತಾರೀಕಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತಕ್ಕಷ್ಟೇ ಬಡ್ಡಿ ಎಂಬ ನಿಯಮ ಇದ್ದದ್ದು ಗ್ರಾಹಕರನ್ನು ಕಾಡಲು ಮಾತ್ರವಲ್ಲ. ಅದಕ್ಕಿಂತ ಸೂಕ್ಷ್ಮವಾದ ಲೆಕ್ಕವನ್ನು ಸಾವಿರಾರು ಖಾತೆಗಳಿಗೆ ಕೈಯಲ್ಲಿ ಮಾಡುವುದು ಆಗದ ಮಾತು. ದಿನದಿನದ ಬಾಕಿಯ ಮೇಲೆ ಬಡ್ಡಿ ಎಂಬ ನಿಯಮ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಿಂದ. ಪ್ರತಿ ರಾತ್ರಿ ಪ್ರತಿ ಖಾತೆಯ ಬಾಕಿಯನ್ನು ತಪ್ಪದೆ ಬರೆದಿಟ್ಟುಕೊಳ್ಳುವ ಬ್ಯಾಚ್ ಕೆಲಸ ಇಲ್ಲದಿದ್ದರೆ ಆ ನಿಯಮ ಕಾಗದದ ಮೇಲೇ ಉಳಿಯುತ್ತಿತ್ತು.

ನಡುವಿನ ದಾರಿ ಸಲೀಸಾಗಿರಲಿಲ್ಲ. 1960ರ ದಶಕದಲ್ಲಿ ಜೀವವಿಮಾ ನಿಗಮ ಕೋಲ್ಕತ್ತದಲ್ಲಿ ಕಂಪ್ಯೂಟರ್ ತರಲು ಹೊರಟಾಗ ನೌಕರರು ಅಡ್ಡ ನಿಂತಿದ್ದರು. ಬ್ಯಾಂಕುಗಳಲ್ಲೂ ಕೆಲಸ ಹೋಗುವ ಭಯ ಇತ್ತು. ಸಿ. ರಂಗರಾಜನ್ ಸಮಿತಿ 1984ರಲ್ಲಿ ವರದಿ ಕೊಟ್ಟ ಮೇಲೆ ಶಾಖೆಗಳಿಗೆ ಎಎಲ್‌ಪಿಎಂ ಎಂಬ ಯಂತ್ರ ಬಂತು. ಪೂರ್ತಿ ಹೆಸರು ಅಡ್ವಾನ್ಸ್ಡ್ ಲೆಡ್ಜರ್ ಪೋಸ್ಟಿಂಗ್ ಮೆಷಿನ್. ಕಂಪ್ಯೂಟರ್ ಎಂಬ ಮಾತನ್ನೇ ಬಾಯಿಗೆ ತರದ ಈ ಹೆಸರಿನಲ್ಲಿ ಆ ಕಾಲದ ಜಾಣ್ಮೆಯೂ ಅಂಜಿಕೆಯೂ ಎರಡೂ ಕಾಣುತ್ತವೆ. ಸಂಘಗಳ ಜೊತೆ 1983ರಲ್ಲಿ ಮತ್ತು 1993ರಲ್ಲಿ ಒಪ್ಪಂದಗಳಾದವು. 1990ರ ದಶಕದಲ್ಲಿ ಶಾಖೆಯ ಮೂಲೆಯಲ್ಲಿ ಗಾಜಿನ ಗೂಡು ಎದ್ದಿತು, ಅದರೊಳಗೆ ಸರ್ವರ್, ಪಕ್ಕದಲ್ಲಿ ಕರಕರ ಎನ್ನುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಕೇಂದ್ರ ಜಾಗೃತ ಆಯೋಗವಂತೂ ವ್ಯವಹಾರದ ಶೇಕಡ 70ರಷ್ಟಾದರೂ 2001ರ ಜನವರಿ 1ರೊಳಗೆ ಕಂಪ್ಯೂಟರಿಗೆ ಬರಬೇಕು ಎಂದು ಗಡುವನ್ನೇ ಹಾಕಿತು.

‘ಡೇ ಎಂಡ್’ ಎಂಬ ಮಾತು ಕರ್ನಾಟಕದ ಸಣ್ಣ ಊರುಗಳ ಬಾಯಿಗೆ ಬಂದದ್ದು ಆ ಗಾಜಿನ ಗೂಡಿನಿಂದ. ಬೆಳಿಗ್ಗೆ ‘ಡೇ ಬಿಗಿನ್’ ಕೊಡಬೇಕು, ಸಂಜೆ ‘ಡೇ ಎಂಡ್’. ಒಂದು ವೋಚರು ವೆರಿಫೈ ಆಗದೆ ಉಳಿದಿದ್ದರೂ ಯಂತ್ರ ಒಪ್ಪುವುದಿಲ್ಲ. ಎಲ್ಲ ಸರಿಹೋದ ಮೇಲೆ ಒಂದರ ಹಿಂದೆ ಒಂದು ಪ್ರೋಗ್ರಾಂ ಓಡುತ್ತದೆ: ಬಡ್ಡಿಯ ಲೆಕ್ಕ, ಅವಧಿ ತುಂಬಿದ ಠೇವಣಿ, ಕಂತು ತಪ್ಪಿದ ಸಾಲ, ಸಪ್ಲಿಮೆಂಟರಿಯ ಮುದ್ರಣ, ಕೊನೆಗೆ ಟೇಪಿಗೆ ಬ್ಯಾಕಪ್. ಆಷಾಢದ ಮಳೆಗೆ ಕರೆಂಟು ಹೋಗಿ ಯುಪಿಎಸ್ ಬ್ಯಾಟರಿ ಕುಸಿದರೆ ಆ ಸರಪಳಿ ಎಲ್ಲಿ ತುಂಡಾಯಿತು ಎಂದು ಹುಡುಕಿ ಅಲ್ಲಿಂದಲೇ ಮತ್ತೆ ಎತ್ತಬೇಕು. ಮಲೆನಾಡಿನ ಶಾಖೆಗಳಲ್ಲಿ ಹೀಗಾಗುವುದು ಅಪರೂಪವೇನಾಗಿರಲಿಲ್ಲ. ‘ನಿನ್ನೆ ಡೇ ಎಂಡ್ ಆಗ್ಲಿಲ್ಲ ಮಾರಾಯ್ರೆ, ಸ್ವಲ್ಪ ಕೂತ್ಕೊಳ್ಳಿ’ ಎಂಬ ಮಾತು ಕೇಳಿ ಬೆಳಗಿನ ಗ್ರಾಹಕರು ಬೆಂಚಿಗೆ ಒರಗುತ್ತಿದ್ದರು. ಬ್ಯಾಚ್ ಓಡಿ ಮುಗಿಯಲು ಸಿಗುವ ಹೊತ್ತಿಗೆ ಹೇಳುವ ‘ಬ್ಯಾಚ್ ವಿಂಡೋ’ ಎಂಬ ಪಾರಿಭಾಷಿಕ ಪದವನ್ನು ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ವಿವರಿಸಿಲ್ಲ.

ಎಲ್ಲ ಶಾಖೆಗಳ ಲೆಕ್ಕ ಒಂದೇ ಕಡೆ ಸೇರುವ ಕೋರ್ ಬ್ಯಾಂಕಿಂಗ್ ಬಂದ ಮೇಲೆ ಗಾಜಿನ ಗೂಡು ಖಾಲಿಯಾಯಿತು. ಕರ್ನಾಟಕ ಬ್ಯಾಂಕ್ 2000ದ ಹೊತ್ತಿಗೇ ಫಿನಾಕಲ್ ಕಡೆಗೆ ಹೊರಳಿ ಮೊದಲಿಗರ ಸಾಲಿನಲ್ಲಿ ನಿಂತಿತು. ಶಾಖೆಯೀಗ ‘ಸೋಲ್’, ಅಂದರೆ ಸರ್ವಿಸ್ ಔಟ್‌ಲೆಟ್. ಸಂಜೆ ಅದನ್ನು ‘ಕ್ಲೋಸ್’ ಮಾಡಿದರೆ ಶಾಖೆಯವರ ಪಾಲು ಮುಗಿಯಿತು. ಮುಂದಿನ ಸರಪಳಿ ಓಡುವುದು ದೂರದ ಡೇಟಾ ಸೆಂಟರಿನಲ್ಲಿ. ಅಲ್ಲಿನ ದಿನ ಗಡಿಯಾರ ನೋಡಿ ಬದಲಾಗುವುದಿಲ್ಲ. ಡೇ ಎಂಡ್ ಮುಗಿಯುವವರೆಗೆ, ರಾತ್ರಿ ಎರಡು ಗಂಟೆಯಾದರೂ, ಅದು ನಿನ್ನೆಯೇ. ಕೆಲಸಗಳ ಸರದಿ ನಡೆಸುವ, ಕಂಟ್ರೋಲ್-ಎಂ ಎಂಬ ಹೆಸರಾಂತ ಶೆಡ್ಯೂಲರ್‌ನಲ್ಲಿ ಇದಕ್ಕೆಂದೇ ‘ಒಡೇಟ್’ ಎಂಬ ಪದವಿದೆ. ಕೆಲಸ ಯಾವ ದಿನದ ಲೆಕ್ಕಕ್ಕೆ ಸೇರಿದ್ದು ಎನ್ನುವ ತಾರೀಕು ಅದು, ಕೆಲಸ ಯಾವಾಗ ಓಡಿತು ಎನ್ನುವ ತಾರೀಕಲ್ಲ. ಸೂರ್ಯೋದಯದಿಂದ ಸೂರ್ಯೋದಯಕ್ಕೆ ದಿನ ಎಣಿಸುವ ಪಂಚಾಂಗ ಬಲ್ಲ ಶೃಂಗೇರಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶೆಡ್ಯೂಲರ್‌ಗಳದೇ ಒಂದು ಪ್ರತ್ಯೇಕ ವಂಶಾವಳಿ. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಗಡಿಯಾರ ನೋಡಿ ಕೆಲಸ ಎಬ್ಬಿಸುವ ‘ಕ್ರಾನ್’ 1970ರ ದಶಕದಿಂದ ಇದೆ. ಅದು ಹೊತ್ತು ಬಲ್ಲದು, ಸಂಬಂಧ ಅರಿಯದು. ಈ ಕೆಲಸ ಮುಗಿದರೆ ಮಾತ್ರ ಆ ಕೆಲಸ ಎನ್ನುವ ಅವಲಂಬನೆಗಳನ್ನು ಸಾವಿರಗಟ್ಟಲೆ ಹಿಡಿದಿಡಲು ದೊಡ್ಡ ಸಂಸ್ಥೆಗಳು ಸಿಎ-7, ಕಂಟ್ರೋಲ್-ಎಂ, ಆಟೋಸಿಸ್‌ಗಳ ಮೊರೆಹೋದವು. ಇವು ಒಂದು ಕಂಪನಿಯಿಂದ ಇನ್ನೊಂದಕ್ಕೆ ಮಾರಾಟವಾಗುತ್ತ ಬಂದರೂ ಒಳಗಿನ ಪದಗಳು ಅಲುಗಿಲ್ಲ. ಆಟೋಸಿಸ್‌ನಲ್ಲಿ ಒಂದು ಕೆಲಸವನ್ನು ‘ಹೋಲ್ಡ್’ನಲ್ಲಿ ಇಟ್ಟರೆ ಅದನ್ನು ನೆಚ್ಚಿಕೊಂಡ ಮುಂದಿನವೂ ಕಾಯುತ್ತವೆ. ‘ಐಸ್’ನಲ್ಲಿ ಇಟ್ಟರೆ ಆ ಕೆಲಸ ಇಲ್ಲವೇ ಇಲ್ಲ ಎಂಬಂತೆ ಮುಂದಿನವು ಓಡುತ್ತವೆ. ಒಂದು ಪದದ ಅಂತರದಲ್ಲಿ ಒಂದು ಬ್ಯಾಂಕಿನ ರಾತ್ರಿ ಉಳಿಯಬಹುದು, ಕೆಡಬಹುದು. ನ್ಯೂಯಾರ್ಕಿನಲ್ಲಿ ಬೇಸಿಗೆಯ ರಾತ್ರಿ ಒಂಬತ್ತಾದಾಗ ಬೆಂಗಳೂರಿನಲ್ಲಿ ಬೆಳಿಗ್ಗೆ ಆರೂವರೆ; ಹಾಗಾಗಿ ಅಲ್ಲಿನ ರಾತ್ರಿಯ ಕಾವಲು ಇಲ್ಲಿನವರ ಹಗಲ ಪಾಳಿಯಾಯಿತು. ಮಲೆನಾಡಿನಿಂದ ಬೆಂಗಳೂರಿಗೆ ಹೋದ ಎಷ್ಟೋ ಹುಡುಗ ಹುಡುಗಿಯರ ಮೊದಲ ಕೆಲಸ ಇದೇ: ಪರದೆಯ ಮೇಲೆ ಹಸಿರು ಕೆಂಪಾಗುತ್ತದೆಯೇ ಎಂದು ನೋಡುತ್ತ ಕೂರುವುದು.

ಕೆಂಪಾದರೆ ಏನಾಗುತ್ತದೆ? 2012ರ ಜೂನ್ 17ರಂದು ಬ್ರಿಟನ್ನಿನ ಆರ್‌ಬಿಎಸ್ ಬ್ಯಾಂಕ್ ಸಮೂಹ ತನ್ನ ಬ್ಯಾಚ್ ಶೆಡ್ಯೂಲರ್‌ನ ಹೊಸ ಆವೃತ್ತಿ ಹಾಕಿತು. ತೊಂದರೆ ಕಂಡು ಹಳೆಯದಕ್ಕೆ ಮರಳಿತು. ಎರಡಕ್ಕೂ ಹೊಂದಿಕೆಯಾಗಲಿಲ್ಲ. ರಾತ್ರಿಯ ಕೆಲಸಗಳು ಒಂದರ ಮೇಲೊಂದು ಬಾಕಿ ಬಿದ್ದು 65 ಲಕ್ಷ ಗ್ರಾಹಕರು ಸಂಬಳ, ಬಾಡಿಗೆ, ಸಾಲದ ಕಂತಿಗೆ ಪರದಾಡಿದರು. ಸಮೂಹದ ಅಲ್‌ಸ್ಟರ್ ಬ್ಯಾಂಕಿನವರ ಪಾಡು ಜುಲೈವರೆಗೂ ಮುಗಿಯಲಿಲ್ಲ. 2014ರಲ್ಲಿ ನಿಯಂತ್ರಕರು ಹಾಕಿದ ದಂಡ 5.6 ಕೋಟಿ ಪೌಂಡ್. ಹಣ ಎಲ್ಲಿಯೂ ಹೋಗಿರಲಿಲ್ಲ, ಸರದಿ ಕಳೆದುಹೋಗಿತ್ತು.

ಸರದಿಯ ವಿಷಯದಲ್ಲಿ ಕರ್ನಾಟಕದ್ದೇ ಆದ ದೊಡ್ಡ ಕಥೆ ಬ್ಯಾಂಕಿನದಲ್ಲ, ಪಹಣಿಯದು.

ಶೃಂಗೇರಿಯಿಂದ ಕಾರ್ಕಳದ ಕಡೆ ಹೊರಟರೆ ಎಸ್.ಕೆ. ಬಾರ್ಡರಿನ ಘಟ್ಟ ಇಳಿಯುವ ಮುನ್ನ ಕೆರೆಕಟ್ಟೆ ಸಿಗುತ್ತದೆ. ಎಸ್.ಕೆ. ಎಂದರೆ ಸೌತ್ ಕೆನರಾ. ಮೈಸೂರು ಸೀಮೆ ಮುಗಿದು ಮದ್ರಾಸಿನ ಆಡಳಿತ ಶುರುವಾಗುತ್ತಿದ್ದ ಜಾಗದ ಗುರುತು. 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಸೀಮೆ ಇದು. ಕಾಡು, ಕಂದಾಯ, ಖಾಸಗಿ ಎಂಬ ಗೆರೆಗಳ ನಡುವೆ ಬದುಕುವವರಿಗೆ ಪಹಣಿಯ ಒಂದು ಕಲಮು ಇಡೀ ಸಂಸಾರದ ಹಣೆಬರಹ. ಆ ಪುಸ್ತಕ ಮೊದಲು ಶಾನುಭೋಗರ ಮನೆಯಲ್ಲಿತ್ತು. 1960ರ ದಶಕದಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾದ ಮೇಲೆ ಗ್ರಾಮ ಲೆಕ್ಕಿಗರ ಚೀಲಕ್ಕೆ ಬಂತು. ವರ್ಷಕ್ಕೊಮ್ಮೆ ಜಮಾಬಂದಿ, ಉಳಿದ ದಿನ ಲೆಕ್ಕಿಗರು ಸಿಕ್ಕಾಗ ಪಹಣಿ. ತಂದೆ ತೀರಿಕೊಂಡು ಮಕ್ಕಳ ಹೆಸರಿಗೆ ಖಾತೆ ಆಗಬೇಕಾದರೆ ಯಾರ ಅರ್ಜಿ ಮೇಲೆ, ಯಾರದು ಕೆಳಗೆ ಎಂಬುದು ಅರ್ಜಿಯ ತಾರೀಕಿಗಿಂತ ಕೈಬೆಚ್ಚಗೆ ಮಾಡುವ ಶಕ್ತಿಗೆ ಬಿಟ್ಟದ್ದು. ಕಡತವನ್ನು ಅಡಿಗೆ ಹಾಕುವುದು ಎಂಬ ನುಡಿಗಟ್ಟು ಕನ್ನಡಕ್ಕೆ ಸುಮ್ಮನೆ ಬಂದದ್ದಲ್ಲ.

‘ಭೂಮಿ’ ಯೋಜನೆ ಈ ಗಂಟಿಗೇ ಕೈ ಹಾಕಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದಾಳಾಗಿ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಸಾಫ್ಟ್‌ವೇರ್ ಇಟ್ಟುಕೊಂಡು, 2002ರ ಹೊತ್ತಿಗೆ 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. ಆಗ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಅಚ್ಚಾದ ಪಹಣಿ. ಕೈಬರಹದ್ದು ಇನ್ನು ನಡೆಯದು. ಸುದ್ದಿಯಾದದ್ದು ಇಷ್ಟೇ. ನಿಜವಾದ ಪೆಟ್ಟು ಹಕ್ಕು ಬದಲಾವಣೆಯಲ್ಲಿತ್ತು. ಅರ್ಜಿಗೆ ಯಂತ್ರವೇ ಸಂಖ್ಯೆ ಕೊಡುತ್ತದೆ, ನೋಟೀಸು ಹೊರಡಿಸುತ್ತದೆ, ಆಕ್ಷೇಪಣೆಯ ದಿನ ಎಣಿಸುತ್ತದೆ. ಮೊದಲು ಬಂದದ್ದು ಮೊದಲು ತೀರಬೇಕು. ಹಿಂದಿನದನ್ನು ಬಿಟ್ಟು ಮುಂದಿನದನ್ನು ತೆರೆಯಲು ಅಧಿಕಾರಿಗೂ ಆಗದು. ಯಾರು ಒಪ್ಪಿದರು ಎಂಬುದಕ್ಕೆ ಬೆರಳಚ್ಚು ಸಾಕ್ಷಿ. ಕೌಂಟರಿನ ಎದುರು ನಿಂತವರ ಕಡೆಗೆ ತಿರುಗಿಸಿದ ಇನ್ನೊಂದು ಪರದೆ. ಮೇನ್‌ಫ್ರೇಮ್ ಕಾಲದ ‘ಫಿಫೊ’, ಅಂದರೆ ಫಸ್ಟ್ ಇನ್ ಫಸ್ಟ್ ಔಟ್, ಎಂಬ ಒಣ ತಂತ್ರ ಕಂದಾಯ ಇಲಾಖೆಯಲ್ಲಿ ನ್ಯಾಯದ ಮಾತಾಗಿಬಿಟ್ಟಿತು.

ಅಲ್ಲಿಗೆ ರಾಮರಾಜ್ಯ ಬಂತೆಂದು ತಿಳಿಯಬೇಕಿಲ್ಲ. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅಧಿಕಾರ ಹಳ್ಳಿಯಿಂದ ಮೇಲಕ್ಕೆ ಸರಿದದ್ದು ದೊಡ್ಡ ಭೂವ್ಯವಹಾರದವರಿಗೇ ಅನುಕೂಲವಾಯಿತು ಎಂದು ವಾದಿಸಿತು. ಸರದಿಗೆ ಸೇರಿದ ಮೇಲಿನದು ಸಾಫ್ಟ್‌ವೇರಿನ ಕೈಯಲ್ಲಿ. ಅರ್ಜಿ ಸರದಿಗೆ ಸೇರುವ ಮುಂಚಿನದು ಮನುಷ್ಯರ ಕೈಯಲ್ಲೇ ಉಳಿಯಿತು. ಆದರೂ ಭೂಮಿಯ ಮುಖ್ಯ ಸಾಧನೆ ಕಂಪ್ಯೂಟರ್ ತಂದದ್ದಲ್ಲ, ಸರದಿಯನ್ನು ಅರ್ಜಿದಾರರ ಕಣ್ಣಿಗೆ ಕಾಣಿಸಿದ್ದು. ಬ್ಯಾಂಕಿನ ಶೆಡ್ಯೂಲರ್‌ಗಳು ಆ ಧೈರ್ಯವನ್ನು ಇವತ್ತಿಗೂ ಮಾಡಿಲ್ಲ.

ಬ್ಯಾಚಿನ ಕಾಲ ಮುಗಿಯುತ್ತ ಬಂತು ಎನ್ನುವವರಿದ್ದಾರೆ. ಚೆಕ್ ಕ್ಲಿಯರಿಂಗ್ 2025ರ ಅಕ್ಟೋಬರ್ 4ರಿಂದ ಬ್ಯಾಚು ಬಿಟ್ಟು ದಿನವಿಡೀ ಹರಿಯತೊಡಗಿದ್ದು ನಿಜ. ಯುಪಿಐ ದುಡ್ಡು ಕಣ್ಣು ಮಿಟುಕಿಸುವುದರೊಳಗೆ ಬರುವುದೂ ನಿಜ. ಆದರೆ ಆ ದುಡ್ಡಿನ ಲೆಕ್ಕವನ್ನು ಬ್ಯಾಂಕುಗಳು ತಮ್ಮತಮ್ಮಲ್ಲಿ ತೀರಿಸಿಕೊಳ್ಳುವುದು ದಿನಕ್ಕೆ ಹಲವು ಸುತ್ತುಗಳಲ್ಲೇ. 2005ರಲ್ಲಿ ಶುರುವಾದ ನೆಫ್ಟ್ ಎಂಬ ಹಣ ವರ್ಗಾವಣೆ ವ್ಯವಸ್ಥೆಯಂತೂ ಅಪ್ಪಟ ಬ್ಯಾಚು. 2019ರ ಡಿಸೆಂಬರ್ 16ರಿಂದ ಅದು ಹಗಲೂ ರಾತ್ರಿ ಅರ್ಧ ಗಂಟೆಗೊಂದರಂತೆ ದಿನಕ್ಕೆ 48 ಬ್ಯಾಚು ಓಡಿಸುತ್ತದೆ. ಬ್ಯಾಚು ತೀರಿದ ಎರಡು ಗಂಟೆಯೊಳಗೆ ಹಣ ಖಾತೆಗೆ ಬರಬೇಕು, ಇಲ್ಲವೇ ಕಳಿಸಿದವರಿಗೆ ಮರಳಬೇಕು. ತಡವಾದರೆ ರೆಪೊ ದರದ ಮೇಲೆ ಶೇಕಡ 2 ಸೇರಿಸಿ ಬ್ಯಾಂಕು ಬಡ್ಡಿ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಮಂಡಿಯಿಂದ ಕೆರೆಕಟ್ಟೆಯ ಖಾತೆಗೆ ಬರಬೇಕಾದ ಅಡಿಕೆ ದುಡ್ಡು ಸಂಜೆಯಾದರೂ ಕಾಣದಿದ್ದರೆ ‘ಸಿಸ್ಟಮ್ ಸ್ಲೋ ಇದೆ’ ಎಂಬ ಉತ್ತರಕ್ಕೆ ತಲೆಯಾಡಿಸಿ ಎದ್ದು ಬರಬೇಡಿ. ಕಳಿಸಿದವರಿಂದ ಆ ವರ್ಗಾವಣೆಯ ಗುರುತಾದ ಯುಟಿಆರ್ ನಂಬರ್ ತರಿಸಿಕೊಂಡು, ಅದು ಯಾವ ಬ್ಯಾಚಿನಲ್ಲಿ ತೀರಿತು ಎಂದು ಕೇಳಿ.